ಕಿಟಕಿಗೆ ಕಟ್ಟಿದ ಕಂಬಳಿ

ಆ ದಿನ ಬೆಳಿಗ್ಗೆಯೂ ಅವಳು ಗಂಡನ ಮುಖವಾಡದ ಗಾಜು ಒರೆಸಿದಳು.

ಗಂಡ ವೆಲ್ಡಿಂಗ್ ಕೆಲಸದವನು. ಮನೆಗಳಿಗೆ ಗೇಟು, ಕಿಟಕಿಗೆ ಗ್ರಿಲ್ಲು, ಮೆಟ್ಟಿಲಿಗೆ ಕಂಬಿ ಮಾಡಿಕೊಡುತ್ತಿದ್ದ. ಕೆಲಸದ ಹೊತ್ತಿನಲ್ಲಿ ಹಾಕಿಕೊಳ್ಳುವ ಮುಖವಾಡಕ್ಕೆ ಕಣ್ಣಿನ ಎದುರು ಒಂದು ಕಪ್ಪು ಗಾಜು. ಅದರ ಮುಂದೆ, ಅದನ್ನು ಕಾಯುವುದಕ್ಕೆ, ಒಂದು ಬಿಳಿ ಗಾಜು. ಸಂಜೆ ಮನೆಗೆ ಬರುವ ಹೊತ್ತಿಗೆ ಆ ಬಿಳಿ ಗಾಜಿನ ತುಂಬ ಕಿಡಿ ಸಿಡಿದು ಅಂಟಿದ ಚುಕ್ಕೆಗಳು, ಮೇಲೆ ಹೊಗೆಯ ಮಸಿ. ಅವನಿಗೇ ಬಿಟ್ಟರೆ ಅಂಗಿಯ ತುದಿಯಲ್ಲಿ ಒಂದು ಸಲ ತಿಕ್ಕಿ ಆಯಿತು ಅನ್ನುವ ಆಸಾಮಿ. ಗಾಜು ಮಸುಕಾದರೆ ಬೆಸುಗೆ ಕಾಣುವುದಿಲ್ಲ. ಕಾಣದಿದ್ದರೆ ಮುಖವಾಡ ಎತ್ತಿ ನೋಡುತ್ತಾನೆ. ಎತ್ತಿದರೆ ಕಣ್ಣು ಹೋಗುತ್ತದೆ. ಅದಕ್ಕೇ ಆ ಕೆಲಸವನ್ನು ಅವಳು ಮದುವೆಯಾದ ಹೊಸದರಲ್ಲೇ ಅವನ ಕೈಯಿಂದ ಕಿತ್ತುಕೊಂಡಿದ್ದಳು. ಹಳೆಯ ಬ್ಲೇಡಿನಿಂದ ಚುಕ್ಕೆ ಕೆರೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಬಾಯಿಂದ ಹಬೆ ಊದಿ ಒಣ ಬಟ್ಟೆಯಲ್ಲಿ ಉಜ್ಜುವುದು, ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು.

"ಸಾಕು ಬಿಡೇ, ಕನ್ನಡಿ ಮಾಡ್ಬಿಡ್ತೀಯೇನು ಅದನ್ನ?" ಅಂದ ಗಂಡ.

"ಕನ್ನಡಿ ಆದ್ರೆ ನಿಮ್ಮ ಮುಖ ನಿಮಗೇ ಕಾಣ್ಸುತ್ತೆ. ಹೆದ್ರಿ ಕೆಲಸ ಬಿಟ್ಟು ಓಡ್ತೀರ."

ಮಗಳು ಜಡೆ ಹೆಣೆದುಕೊಳ್ಳುತ್ತಾ ನಕ್ಕಳು. ಅವಳು ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕಾಜಾ ಗುಂಡಿ ಕೆಲಸಕ್ಕೆ ಹೋಗುತ್ತಾಳೆ. "ಅಪ್ಪನ ಮುಖ ತೊಳೆಯೋರು ಯಾರೂ ಇಲ್ಲ, ಆ ಗಾಜಿಗೆ ಮಾತ್ರ ದಿನಾ ಉಪಚಾರ," ಅಂದಳು.

ಗಂಡ ಮುಖವಾಡವನ್ನು ಚೀಲಕ್ಕೆ ಹಾಕಿಕೊಂಡ. "ಸಂಜೆ ಬೇಗ ಬರ್ತೀನಿ," ಅಂದ. ದಿನವೂ ಅನ್ನುತ್ತಿದ್ದ, ಒಂದು ದಿನವೂ ಬೇಗ ಬಂದವನಲ್ಲ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಳು.

ಆ ದಿನ ಮಾತು ಉಳಿಸಿಕೊಂಡ.

ಅವನನ್ನು ಎಲ್ಲರೂ ಮಿಣುಕಣ್ಣ ಅನ್ನುತ್ತಿದ್ದರು. ರೆಪ್ಪೆ ಒಂದು ಕ್ಷಣವೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಮಾತಾಡುವಾಗ ಮಿಣುಕು, ಕೇಳುವಾಗ ಮಿಣುಕು. ಅಂಗಡಿಯ ಹೆಂಗಸೊಬ್ಬಳು, ನನ್ನ ನೋಡಿ ಕಣ್ಣು ಹೊಡೀತಾನೆ ಅಂತ ಒಂದು ಸಲ ಮನೆಯವರೆಗೂ ಜಗಳಕ್ಕೆ ಬಂದಿದ್ದಳು. ಹೆಂಡತಿ ಅವಳನ್ನು ಒಳಗೆ ಕೂರಿಸಿ, "ನೋಡಮ್ಮ, ನನ್ನ ನೋಡ್ಯೂ ಹೊಡೀತಾರೆ, ಗೋಡೆ ನೋಡ್ಯೂ ಹೊಡೀತಾರೆ. ಗೋಡೆ ಏನೂ ಅಂದ್ಕೊಂಡಿಲ್ಲ," ಅಂದಿದ್ದಳು. ಬಂದವಳು ಟೀ ಕುಡಿದು ಹೋದಳು. ಆಮೇಲೆ ಅದೇ ಹೆಂಗಸು ತನ್ನ ಹಿತ್ತಿಲ ಬಾಗಿಲಿಗೆ ಅವನ ಕೈಯಲ್ಲೇ ಕಂಬಿ ಹಾಕಿಸಿಕೊಂಡಳು.

ವೆಲ್ಡಿಂಗಿನ ಬೆಳಕು ಬರಿಗಣ್ಣಿಗೆ ಬಿದ್ದರೆ ಆ ಕ್ಷಣ ಏನೂ ಆಗುವುದಿಲ್ಲ. ಸಂಜೆ ಶುರುವಾಗುತ್ತದೆ. ಕಣ್ಣಿನೊಳಗೆ ಮರಳು ಸುರಿದ ಹಾಗೆ, ಈರುಳ್ಳಿ ಹಿಂಡಿದ ಹಾಗೆ. ದೀಪ ನೋಡಿದರೆ ಸೂಜಿ ಚುಚ್ಚುತ್ತದೆ. ನೀರು ಧಾರೆಯಾಗಿ ಇಳಿಯುತ್ತದೆ. ಆ ಕೆಲಸದವರು ಅದಕ್ಕೆ 'ಬೆಳಕು ಹೊಡೆಯಿತು' ಅನ್ನುತ್ತಾರೆ.

ಮದುವೆಯಾದ ಮೊದಲ ವಾರವೇ ಅವನಿಗೆ ಬೆಳಕು ಹೊಡೆದಿತ್ತು. ಹೊಸ ಹೆಂಡತಿಗೆ ಇದು ಯಾವುದೂ ಗೊತ್ತಿಲ್ಲ. ಗಂಡ ಕೆಲಸದಿಂದ ಬಂದ, ಮೂಲೆಯಲ್ಲಿ ಕೂತ, ಕಣ್ಣಲ್ಲಿ ಬಳಬಳ ನೀರು. ಇವನ ಮನಸ್ಸಲ್ಲಿ ಯಾರೋ ಬೇರೆಯವಳಿದ್ದಾಳೆ, ನನ್ನನ್ನು ಕಟ್ಟಿಕೊಂಡಿದ್ದಕ್ಕೆ ಅಳುತ್ತಿದ್ದಾನೆ ಅಂದುಕೊಂಡಳು ಅವಳು. ಅವಳಿಗೂ ಅಳು ಬಂತು. ಇಬ್ಬರೂ ಎದುರುಬದುರು ಕೂತು ಅತ್ತರು. ಕೊನೆಗೆ ಅವನೇ ಕೇಳಿದ, "ನೀನ್ಯಾಕೆ ಅಳ್ತಿದ್ದೀಯ?"

"ನೀವ್ಯಾಕೆ ಅಳ್ತಿದ್ದೀರ?"

"ನಾನೆಲ್ಲಿ ಅತ್ತೆ? ಬೆಳಕು ಹೊಡೆದಿದೆ ಕಣೇ. ಮೊದ್ಲು ಆ ಕಿಟಕಿ ಮುಚ್ಚು."

ಆ ಮನೆಯ ಕಿಟಕಿಗೆ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಹಾಸಿಗೆಯ ಮೇಲಿದ್ದ ಕರಿ ಕಂಬಳಿ ತೆಗೆದು ಗ್ರಿಲ್ಲಿಗೆ ಕಟ್ಟಿದಳು. ತಣ್ಣೀರಲ್ಲಿ ಬಟ್ಟೆ ಅದ್ದಿ ಕಣ್ಣ ಮೇಲೆ ಇಟ್ಟಳು. "ನಾನು ಹೇಳೋವರೆಗೂ ತೆಗೀಬೇಡ," ಅಂದ ಅವನು. ಬೆಳಿಗ್ಗೆ ಎದ್ದು, ಕಣ್ಣನ್ನು ಒಂದೊಂದಾಗಿ ತೆರೆದು, "ಹೂಂ, ತೆಗಿ," ಅಂದ. ಅವಳು ಕಂಬಳಿ ಬಿಚ್ಚಿದಳು. ಅವನು ಅವಳನ್ನು ನೋಡಿ, "ಪರವಾಗಿಲ್ಲ, ಇವಳೇ," ಅಂದ.

ಅಲ್ಲಿಂದ ಮುಂದೆ ಅದೇ ಆ ಮನೆಯ ಕಟ್ಟಳೆ. ಬೆಳಕು ಹೊಡೆದಾಗಲೆಲ್ಲ ಅದೇ ಕಂಬಳಿ, ಅದೇ ಮಾತು. ಅವನು 'ತೆಗಿ' ಅನ್ನುವ ತನಕ ಕಂಬಳಿಗೆ ಯಾರೂ ಕೈ ಹಚ್ಚುವ ಹಾಗಿಲ್ಲ. ಮನೆ ಬದಲಾಯಿತು, ಮಗಳು ಹುಟ್ಟಿದಳು, ಈ ಮನೆಯ ಕಿಟಕಿಗೆ ಅವನೇ ಗ್ರಿಲ್ಲು ಮಾಡಿ ಹಾಕಿದ. ಕಂಬಳಿ ಕಟ್ಟುವುದಕ್ಕೆ ಅಂತಲೇ ಮೇಲಿನ ಎರಡು ಮೂಲೆಗೆ ಎರಡು ಕೊಕ್ಕೆ ಬೆಸೆದಿದ್ದ. "ಬೇರೆಯೋರು ಕೊಕ್ಕೆಗೆ ಹೂವಿನ ಕುಂಡ ತೂಗುಹಾಕ್ತಾರೆ. ನಮ್ಮನೇಲಿ ಕತ್ತಲು ತೂಗುಹಾಕ್ತೀವಿ," ಅನ್ನುತ್ತಿದ್ದ.

ಮಗಳು ಚಿಕ್ಕವಳಿದ್ದಾಗ ಅದು ಅವಳಿಗೆ ಆಟ. ಅಪ್ಪ ಮಲಗಿದ ಕತ್ತಲ ಕೋಣೆಯ ಬಾಗಿಲಲ್ಲಿ ನಿಂತು, ಪಿಸುದನಿಯಲ್ಲಿ, "ತೆಗೀಲಾ?" ಅಂತ ಕೇಳುತ್ತಿದ್ದಳು. ಒಳಗಿಂದ, "ಬೇಡ." ಮತ್ತೆ, "ತೆಗೀಲಾ?" "ಬೇಡ ಅಂದ್ನಲ್ಲೇ, ಪಿಶಾಚಿ."

ಆ ಸಂಜೆ ಅವಳು ಲಾಂಡ್ರಿಯಿಂದ ಬಂದಾಗ ಬಿಸಿಲು ಇನ್ನೂ ಇತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವುದು ಅವಳ ಕೆಲಸ. ಮನೆಯ ಮೆಟ್ಟಿಲ ಮೇಲೆ ಗಂಡ ಕೂತಿದ್ದ. ಮೊಣಕೈ ಮಡಚಿ ಕಣ್ಣ ಮೇಲೆ ಒತ್ತಿ ಹಿಡಿದಿದ್ದ. ಚೀಲ ಪಕ್ಕದಲ್ಲಿತ್ತು. ಅವಳಿಗೆ ಖುಷಿಯೇ ಆಯಿತು. ಅದನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು. ಖುಷಿಯೇ ಆಗಿತ್ತು.

"ಏನ್ರೀ, ಮನೆ ದಾರಿ ಇಷ್ಟು ಬೇಗ ನೆನಪಾಯ್ತಾ?"

"ಬಾಗಿಲು ತೆಗಿ. ಕಣ್ಣು ಬಿಡೋಕಾಗ್ತಿಲ್ಲ."

"ಬೆಳಕು ಹೊಡೀತಾ?"

"ಹೊಡೆದಿರಬೇಕು."

ಅಷ್ಟೇ. ಅವಳು ಎರಡನೆಯ ಮಾತು ಕೇಳಲಿಲ್ಲ. ಕೇಳುವುದಕ್ಕೆ ಏನಿದೆ? ಬಾಗಿಲು ತೆಗೆದಳು, ಕಂಬಳಿ ತಂದಳು, ಕೊಕ್ಕೆಗೆ ಸಿಕ್ಕಿಸಿದಳು. ಅವನು ಗೋಡೆ ಹಿಡಿದುಕೊಂಡು ಬಂದು ಮಂಚದ ಮೇಲೆ ಬಿದ್ದ. ಚೀಲವನ್ನು ಅವಳೇ ಕೋಣೆಯ ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದಳು.

"ಕತ್ತೂ ಹಿಡ್ಕೊಂಡಿದೆ ಕಣೇ. ತಿರುಗಿಸೋಕಾಗ್ತಿಲ್ಲ."

"ನೆಲಕ್ಕೆ ಕೂತು ದಿನವೆಲ್ಲ ಬಗ್ಗಿದ್ರೆ ಕತ್ತು ಇನ್ನೇನು ಕುಣಿಯುತ್ತಾ?"

ತಣ್ಣೀರು ಬಟ್ಟೆ ಇಟ್ಟಳು. ತಲೆ ಒತ್ತಲು ಹೋದರೆ ಕೈ ತಳ್ಳಿದ. ಊಟ ಬೇಡ ಅಂದ. ಬೆಳಕು ಹೊಡೆದ ದಿನ ಅವನಿಗೆ ಊಟ ಬೇಡವೇ. ಎಲ್ಲವೂ ಯಾವಾಗಲೂ ಆಗುವ ಹಾಗೇ ಇತ್ತು. ಒಂದು ಮಾತ್ರ ಇರಲಿಲ್ಲ. ಕಣ್ಣಲ್ಲಿ ನೀರು ಇರಲಿಲ್ಲ. ಬಟ್ಟೆ ಬದಲಾಯಿಸುವಾಗ ಅವಳ ಬೆರಳಿಗೆ ಅವನ ಕೆನ್ನೆ ಒಣಗಿದ್ದು ತಾಗಿತ್ತು. ಬೆರಳಿಗೆ ತಾಗಿತು, ತಲೆಗೆ ತಾಗಲಿಲ್ಲ.

ಮಗಳು ಬಂದಳು. ಬಾಗಿಲಲ್ಲೇ ನಿಂತು ಕತ್ತಲೊಳಗೆ ಇಣುಕಿದಳು. "ಅಪ್ಪಾ, ಡಾಕ್ಟರ ಹತ್ರ ಹೋಗೋಣವಾ?"

"ಬೆಳಕು ಹೊಡೆದಾಗಲೆಲ್ಲ ಹೋಗಿದ್ರೆ ಡಾಕ್ಟರು ನಂಗೆ ಅಲ್ಲೇ ಒಂದು ಮಂಚ ಹಾಕಿಸಿರೋರು," ಅಂದ ಅವನು. ದನಿ ಸ್ವಲ್ಪ ತೊದಲುತ್ತಿತ್ತು. ನಿದ್ದೆಗಣ್ಣು ಅಂದುಕೊಂಡರು.

"ಆದ್ರೂ ಅಮ್ಮಾ..."

"ಬೆಳಿಗ್ಗೆ ಸರಿಹೋಗುತ್ತೆ ಬಿಡೇ. ನೀನು ಹುಟ್ಟೋಕೆ ಮುಂಚಿಂದ ನೋಡ್ತಿದ್ದೀನಿ."

ಅವಳು ಅಡುಗೆಮನೆಯ ದೀಪ ಆರಿಸುವಾಗ ಗಂಡ ಕತ್ತಲಲ್ಲಿ ಹೇಳಿದ, "ನಾನು ಹೇಳೋವರೆಗೂ ತೆಗೀಬೇಡ."

"ಗೊತ್ತು, ಮಲಕ್ಕೊಳ್ಳಿ."

ರಾತ್ರಿಯೆಲ್ಲ ಗೊರಕೆ ಕೇಳುತ್ತಿತ್ತು. ಎಂದಿನ ಗೊರಕೆಗಿಂತ ಜೋರು. ಗಂಡನ ಗೊರಕೆ ಕೇಳುತ್ತಿದ್ದರೆ ಅವಳಿಗೆ ಒಳ್ಳೆ ನಿದ್ದೆ. ಅವಳು ಚೆನ್ನಾಗಿ ನಿದ್ದೆ ಮಾಡಿದಳು.

ಬೆಳಿಗ್ಗೆ ಟೀ ಇಟ್ಟು ಕಾದಳು. ಒಳಗಿಂದ 'ತೆಗಿ' ಬರಲಿಲ್ಲ. ಟೀ ಆರಿತು. ಇನ್ನೊಂದು ಸಲ ಬಿಸಿ ಮಾಡಿದಳು. ಲಾಂಡ್ರಿಗೆ ಹೊತ್ತಾಗುತ್ತಿತ್ತು. ಬಾಗಿಲಲ್ಲಿ ನಿಂತು, "ತೆಗೀಲಾ?" ಅಂದಳು. ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಗೊರಕೆ ನಿಂತಿತ್ತು, ಉಸಿರು ಮಾತ್ರ ಎಳೆದೆಳೆದು ಬರುತ್ತಿತ್ತು.

"ಹೊತ್ತಾಯ್ತು ರೀ, ತೆಗೀತೀನಿ," ಅಂದು ಕಂಬಳಿ ಎಳೆದಳು.

ಬಿಸಿಲು ನೇರವಾಗಿ ಅವನ ಮುಖದ ಮೇಲೆ ಬಿತ್ತು. ಅವನೇ ಮಾಡಿದ ಗ್ರಿಲ್ಲಿನ ನೆರಳು ಹಣೆಯಿಂದ ಗಲ್ಲದವರೆಗೆ ಗೆರೆ ಎಳೆಯಿತು. ಕಣ್ಣು ಅರ್ಧ ತೆರೆದಿತ್ತು. ಅವನು ಮುಖ ತಿರುಗಿಸಲಿಲ್ಲ. ಕೈ ಅಡ್ಡ ಹಿಡಿಯಲಿಲ್ಲ. ಊರೆಲ್ಲ ಮಿಣುಕಣ್ಣ ಅಂತ ಕರೆದ ಮನುಷ್ಯ. ರೆಪ್ಪೆ ಮಿಣುಕಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಅವನ ರೆಪ್ಪೆ ಎತ್ತಿ ಸಣ್ಣ ಟಾರ್ಚು ಬಿಟ್ಟು ನೋಡಿದರು. ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ. "ಅಯ್ಯೋ, ಬೆಳಕು ಬಿಡಬೇಡಿ," ಅನ್ನಲು ಅವಳ ಬಾಯಿ ತೆರೆದಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು.

"ತಲೆಯೊಳಗೆ ರಕ್ತನಾಳ ಒಡೆದಿತ್ತಮ್ಮ," ಅಂದರು ಡಾಕ್ಟರು. "ಕತ್ತು ಬಿಗಿಯೋದು, ಬೆಳಕು ಆಗದೆ ಇರೋದು, ಅದೆಲ್ಲ ಅದರ ಗುರುತೇ."

"ನಿನ್ನೆ ಸಂಜೆ ಕರ್ಕೊಂಡು ಬಂದಿದ್ರೆ?"

ಡಾಕ್ಟರು ಟಾರ್ಚನ್ನು ಜೇಬಿಗೆ ಹಾಕಿಕೊಂಡರು. "ಹೇಳೋಕಾಗಲ್ಲಮ್ಮ," ಅಂದರು.

ಉಳಿಯುತ್ತಿರಲಿಲ್ಲ ಅಂದಿದ್ದರೆ ಅದೊಂದು ರೀತಿ. ಉಳಿಯುತ್ತಿದ್ದ ಅಂದಿದ್ದರೆ ಎದೆ ಬಡಿದುಕೊಂಡು ಅಲ್ಲೇ ಬೀಳುತ್ತಿದ್ದಳು, ಅದೂ ಒಂದು ರೀತಿ. ಹೇಳೋಕಾಗಲ್ಲ ಅನ್ನುವ ಮಾತನ್ನು ಎಲ್ಲಿ ಇಟ್ಟುಕೊಳ್ಳುವುದು ಅಂತ ಅವಳಿಗೆ ತಿಳಿಯಲಿಲ್ಲ. ಮನೆಗೆ ತಂದುಕೊಂಡಳು.

ಮಣ್ಣು ಮಾಡಿ ಬಂದವರು, ನೋಡಲು ಬಂದವರು, ಎಲ್ಲ ಒಂದೊಂದಾಗಿ ಹೋದರು. ಬೀದಿಯವರಿಗೆಲ್ಲ ಒಂದೇ ಮಾತು. ಆ ಬೆಳಕೇ ಅವನನ್ನು ತಿಂದಿತು, ಎಷ್ಟು ವರ್ಷದಿಂದ ಕಣ್ಣಿಗೆ ಹೊಡೆದು ಹೊಡೆದು ಕೊನೆಗೆ ತಲೆಗೇ ಇಳಿಯಿತು. ಎಲ್ಲರೂ ಹೋದ ಮೇಲೆ ಕೋಣೆಗೆ ಬಂದು ಕಂಬಳಿ ಎತ್ತಿಕೊಂಡಳು. ಮತ್ತೆ ಕೊಕ್ಕೆಗೆ ಸಿಕ್ಕಿಸಿದಳು.

ಅವನು ಹೇಳುವ ಮುಂಚೆ ತೆಗೆದಿದ್ದಳಲ್ಲ. ಇಷ್ಟು ವರ್ಷದಲ್ಲಿ ಹಾಗೆ ತೆಗೆದದ್ದು ಅದೊಂದೇ ಸಲ. ಈಗ ಕಟ್ಟಿ, ಹೇಳುವವರೆಗೆ ಕಾದರೆ? ಇದು ಹುಚ್ಚು ಅಂತ ಅವಳಿಗೂ ಗೊತ್ತು. ಗೊತ್ತಿದ್ದೇ ಕಟ್ಟಿದಳು.

ಆ ಕೋಣೆಯಲ್ಲಿ ಹಗಲೂ ಕತ್ತಲು. ಮಂಚವೂ ಅವನೇ ಮಾಡಿದ್ದು, ಕಬ್ಬಿಣದ್ದು. ಒಂದು ಕಾಲಿನ ಬೆಸುಗೆ ಸರಿ ಕೂತಿರಲಿಲ್ಲ. ಅವನು ಮಗ್ಗುಲು ತಿರುಗಿದಾಗಲೆಲ್ಲ ಕಿರ್ ಅನ್ನುತ್ತಿತ್ತು. "ಊರಿನ ಗೇಟೆಲ್ಲ ಗಟ್ಟಿ, ಮನೆ ಮಂಚ ಮಾತ್ರ ಕಿರುಗುಟ್ಟುತ್ತೆ," ಅಂತ ಅವಳು ಆಡಿಕೊಳ್ಳುತ್ತಿದ್ದಳು. ಈಗ ಅವಳು ಅಡುಗೆ ಮಾಡುತ್ತಿದ್ದರೆ ಒಳಗಿಂದ ಕಿರ್ ಅನ್ನುತ್ತದೆ. ಕೈಯಲ್ಲಿದ್ದ ಸೌಟು ಕೈಯಲ್ಲೇ ನಿಲ್ಲುತ್ತದೆ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಅದನ್ನು ಅವಳಿಗೆ ಹೇಳಿಕೊಟ್ಟವನೂ ಅವನೇ. ಆದರೂ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಕತ್ತಲಲ್ಲಿ ಸುಟ್ಟ ಕಬ್ಬಿಣದ ವಾಸನೆ. "ತೆಗೀಲಾ?" ಅನ್ನುತ್ತಾಳೆ, ಬಾಯೊಳಗೇ. ಉತ್ತರ ಬರುತ್ತದೇನೋ ಅಂತ ಭಯ. ಬರುವುದಿಲ್ಲ ಅಂತ ಅದಕ್ಕಿಂತ ಭಯ.

ಬರಬರುತ್ತಾ ಅವಳ ಕಣ್ಣೇ ನೋಯತೊಡಗಿತು.

ಮೊದಲು ಬೀದಿಯ ಬಿಸಿಲು ಚುಚ್ಚಿತು. ಆಮೇಲೆ ಲಾಂಡ್ರಿಯ ಟ್ಯೂಬ್‌ಲೈಟು. ಆಸ್ಪತ್ರೆ, ಲಾಡ್ಜುಗಳ ಬಿಳಿ ದುಪ್ಪಟಿಗಳು ರಾಶಿ ರಾಶಿ ಬರುತ್ತವೆ. ಬಿಸಿ ಇಸ್ತ್ರಿಯ ಕೆಳಗೆ ಬಿಳಿ ದುಪ್ಪಟಿ ಚಪ್ಪಟೆಯಾಗುತ್ತಾ ಹೋದ ಹಾಗೆ ಅದರಿಂದ ಬೆಳಕು ಎದ್ದು ಕಣ್ಣಿಗೆ ಹೊಡೆಯುತ್ತದೆ. ಕಣ್ಣಿನ ಹಿಂದೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ ನೋವು. ಅವಳು ಕಣ್ಣು ಮುಚ್ಚಿ ಕೈ ಅಳತೆಯಲ್ಲೇ ಇಸ್ತ್ರಿ ಎಳೆಯಲು ಶುರು ಮಾಡಿದಳು. ಒಂದು ದಿನ ದಿಂಬಿನ ಚೀಲ ಸುಟ್ಟಿತು.

ಲಾಂಡ್ರಿಯ ಯಜಮಾನಿ ಬಾಯಿ ಜೋರಿನವಳು, ಮನಸ್ಸು ಮೆತ್ತಗಿನವಳು. "ಏನೇ, ನಿದ್ದೆ ಮಾಡ್ಕೊಂಡು ಇಸ್ತ್ರಿ ಮಾಡೋ ವಿದ್ಯೆ ಯಾವಾಗ ಕಲಿತೆ?" ಅಂದಳು.

"ಕಣ್ಣು ನೋಯುತ್ತಕ್ಕಾ. ಬಿಳಿ ಬಟ್ಟೆ ನೋಡೋಕಾಗಲ್ಲ."

"ಲಾಂಡ್ರೀಲಿ ಬಿಳಿ ಬಟ್ಟೆ ನೋಡೋಕಾಗಲ್ಲ ಅಂದ್ರೆ, ಮೀನಿಗೆ ನೀರು ಆಗಲ್ಲ ಅಂದ ಹಾಗಾಯ್ತು." ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದಳು. "ನಡಿ, ಕಣ್ಣಿನ ಡಾಕ್ಟರಿಗೆ ತೋರ್ಸೋಣ. ಈ ಸಲ ನಿಂಗೆ ಗೊತ್ತು, ನಂಗೆ ಗೊತ್ತು ಅನ್ನೋದು ಬೇಡ."

ಆ 'ಈ ಸಲ' ಅವಳ ಎದೆಗೆ ನಾಟಿತು. ಯಜಮಾನಿಗೂ ತಾನು ಏನು ಅಂದೆ ಅಂತ ಆಮೇಲೆ ಹೊಳೆಯಿತು. ದಾರಿಯುದ್ದಕ್ಕೂ ಏನೇನೋ ಬೇರೆ ಮಾತು ಆಡಿದಳು.

ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟ ಕೂಡಲೇ ಅವಳು ಚೀರಿ ಮುಖ ತಿರುಗಿಸಿದಳು. ಮುಖ ತಿರುಗಿಸಿದ ಮೇಲೆ ಅಳು ಬಂತು. ನೋವಿಗಲ್ಲ. ತಾನು ತಿರುಗಿಸಿದೆನಲ್ಲ, ಅವನು ತಿರುಗಿಸಲಿಲ್ಲವಲ್ಲ ಅಂತ.

ಡಾಕ್ಟರು ಎಲ್ಲ ನೋಡಿದರು. "ಕಣ್ಣಲ್ಲಿ ಏನೂ ದೋಷ ಇಲ್ಲಮ್ಮ. ಮನೇಲಿ ಕತ್ತಲಲ್ಲೇ ಇರ್ತೀರಾ?"

ಅವಳು ಸೆರಗಿನ ತುದಿಯಲ್ಲಿ ಕಣ್ಣು ಒತ್ತಿಕೊಂಡಳು.

"ಕತ್ತಲಲ್ಲೇ ಇದ್ರೆ ಬೆಳಕು ಇನ್ನೂ ಚುಚ್ಚುತ್ತೆ. ಒಂದೇ ಸಲ ಬೇಡ. ದಿನಾ ಸ್ವಲ್ಪ ಸ್ವಲ್ಪ ಬೆಳಕಿಗೆ ಕಣ್ಣು ಬಿಡಿ. ಇಲ್ಲಾಂದ್ರೆ ಈ ನೋವು ಹೋಗಲ್ಲ."

ಅವಳು ಮನೆಗೆ ಬಂದು ಕತ್ತಲ ಕೋಣೆಯಲ್ಲಿ ಮಲಗಿದಳು. ತಣ್ಣೀರು ಬಟ್ಟೆ ತಾನೇ ಇಟ್ಟುಕೊಂಡಳು. ಆ ನೋವು ಹೋದರೆ ಅವನದು ಅನ್ನುವಂಥದ್ದು ತನ್ನಲ್ಲಿ ಇನ್ನೇನು ಉಳಿಯುತ್ತದೆ ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ಮಗಳು ಡಾಕ್ಟರ ಮಾತನ್ನು ಯಜಮಾನಿಯ ಬಾಯಿಂದ ಕೇಳಿಕೊಂಡು ಬಂದಳು. ರಜೆಯ ದಿನ, ಅಮ್ಮ ನೀರು ತರಲು ಹೋದ ಹೊತ್ತು ನೋಡಿ, ಒಗೆಯುತ್ತೇನೆ ಅಂತ ಕಂಬಳಿ ಬಿಚ್ಚಿಬಿಟ್ಟಳು. ಅವಳು ಕೊಡ ಹೊತ್ತು ಬಂದಳು. ಕೋಣೆಯ ತುಂಬ ಬಿಸಿಲು. ಮಂಚ ಬರಿದಾಗಿ ಬೆಳಗುತ್ತಿತ್ತು.

"ಯಾರೇ ನಿಂಗೆ ತೆಗಿ ಅಂದಿದ್ದು?" ಕೊಡ ಕುಕ್ಕಿದ ರಭಸಕ್ಕೆ ನೀರು ನೆಲವೆಲ್ಲ ಆಯಿತು. "ಯಾರೇ ಅಂದಿದ್ದು?"

"ಯಾರು ಅನ್ಬೇಕಿತ್ತು ಅಮ್ಮಾ?"

"ಕಟ್ಟು ಅದನ್ನ."

"ಕಟ್ಟಲ್ಲ. ಕಣ್ಣು ಕಳ್ಕೊಂಡು ಕೂರ್ತೀಯಾ? ನಂಗೂ ಅವರು ಅಪ್ಪಾನೇ." ಮಗಳು ಕಂಬಳಿಯನ್ನು ಎದೆಗೆ ಒತ್ತಿ ಹಿಡಿದಳು. "ನಾನು ಆವತ್ತೇ ಕೇಳಿದ್ದೆ, ಡಾಕ್ಟರ ಹತ್ರ ಹೋಗೋಣವಾ ಅಂತ."

ಆ ಮಾತು ಇಷ್ಟು ತಿಂಗಳು ಇಬ್ಬರ ನಡುವೆ ಬಾಯಿ ಮುಚ್ಚಿಕೊಂಡು ಕೂತಿತ್ತು. ಈಗ ಎದ್ದು ನಿಂತಿತು. ಮಗಳು ಕಂಬಳಿಯನ್ನು ಮಂಚದ ಮೇಲೆ ಎಸೆದು ಹೊರಗೆ ಹೋದಳು.

ಅವಳು ಬಿಸಿಲಿನಲ್ಲಿ ಒಬ್ಬಳೇ ನಿಂತಳು. ಕಣ್ಣು ಉರಿಯಿತು. ಬೆಳಕಿಗೆ ಬೆನ್ನು ಹಾಕಿ ತಿರುಗಿದರೆ ಬಾಗಿಲ ಹಿಂದಿನ ಗೂಟದಲ್ಲಿ ಅವನ ಚೀಲ. ಆ ಸಂಜೆ ಅವಳೇ ತೂಗುಹಾಕಿದ್ದು. ಕತ್ತಲಲ್ಲಿ ಅದು ಅಲ್ಲಿದೆ ಅನ್ನುವುದೇ ಮರೆತುಹೋಗಿತ್ತು. ಕೈಗೆ ಏನಾದರೂ ಕೆಲಸ ಬೇಕಿತ್ತು. ಮಾರನೆಯ ಬೆಳಿಗ್ಗೆ ಒರೆಸಬೇಕಾಗಿದ್ದ ಗಾಜು ಹಾಗೇ ಉಳಿದಿದೆ ಅಂತ ನೆನಪಾಯಿತು. ಬ್ಲೇಡು ತಂದಳು, ಬಟ್ಟೆ ತಂದಳು, ಮುಖವಾಡ ಹೊರತೆಗೆದಳು.

ಗಾಜಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. ಮಸಿ ಇಲ್ಲ, ಕಿಡಿಯ ಗುರುತು ಇಲ್ಲ. ಆ ಬೆಳಿಗ್ಗೆ ಅವಳು ಉಜ್ಜಿ ಕೊಟ್ಟದ್ದು ಉಜ್ಜಿದ ಹಾಗೇ ಇತ್ತು. ಮೂಲೆಯಲ್ಲಿ ಅವಳ ಹೆಬ್ಬೆರಳಿನ ಅಚ್ಚು ಕೂಡ.

ಆ ದಿನ ಅವನು ವೆಲ್ಡಿಂಗ್ ಮಾಡಿಯೇ ಇರಲಿಲ್ಲ.

ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿಕೊಂಡು, ಶೆಡ್ಡಿಗೆ ನಡೆದಳು. ತಗಡಿನ ಶೆಡ್ಡು. ಹೊರಗೆ ಗೋಡೆಗೆ ಒರಗಿಸಿದ ಗೇಟುಗಳು, ಅರ್ಧ ಬಣ್ಣ ಬಳಿದವು, ತುಕ್ಕು ಹಿಡಿದವು. ಒಳಗೆ ಗಂಡನ ಜೊತೆಗಾರ ದಪ್ಪಣ್ಣ ಕೆಲಸದಲ್ಲಿದ್ದ. ಕಡ್ಡಿಯ ಹಾಗೆ ಇರುವ ಮನುಷ್ಯ, ಅದಕ್ಕೇ ಆ ಹೆಸರು. ನೀಲಿ ಬೆಳಕು ಸಿಡಿಯುತ್ತಿತ್ತು. ಹೆಜ್ಜೆಯ ಸಪ್ಪಳ ಕೇಳಿ, ಯಾರು ಅಂತ ನೋಡುವ ಮೊದಲೇ ಕೂಗಿದ, "ನೋಡ್ಬೇಡಿ! ನೋಡ್ಬೇಡಿ!" ಆಮೇಲೆ ಮುಖವಾಡ ಎತ್ತಿದ. "ಅತ್ತಿಗೆ..." ಅಂದ. ಮೆಷಿನ್ನು ಆರಿಸಿದ.

ಮಣ್ಣು ಮಾಡಿದ ದಿನದಿಂದ ಅವನು ಅವರ ಮನೆಯ ಕಡೆ ತಲೆ ಹಾಕಿರಲಿಲ್ಲ.

"ಆವತ್ತು ಅವರು ಕೆಲಸ ಮಾಡಿದ್ರಾ?" ಅಂತ ಕೇಳಿದಳು. ಹೇಗಿದ್ದೀರಿ ಅನ್ನಲಿಲ್ಲ, ಕೂರಲಿಲ್ಲ.

ದಪ್ಪಣ್ಣ ಕೈಗವಸು ಕಳಚಿದ. ತುಂಬ ಹೊತ್ತು ಅದನ್ನೇ ಮಡಚಿದ. "ಇಲ್ಲ ಅತ್ತಿಗೆ. ಈ ಗಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಬೆಳಿಗ್ಗೆಯಿಂದ ಕರೆಂಟೇ ಇರಲಿಲ್ಲ. ಗೇಟಿಗೆ ಬಣ್ಣ ಬಳೀತಾ ಕೂತಿದ್ವಿ. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಎರಡೂ ಕೈಲಿ ತಲೆ ಹಿಡ್ಕೊಂಡ. ವಾಂತಿ ಮಾಡ್ದ. ಬಣ್ಣದ ವಾಸನೆ ತಲೆಗೇರಿದೆ, ಹೊರಗೆ ಗಾಳೀಲಿ ಕೂತ್ಕೋ ಅಂದೆ. ಹೊರಗೆ ಬಿಸಿಲು ಆಗಲ್ಲ ಅಂದ."

"ವಾಂತಿ ಆಯ್ತು ಅಂತ ನಂಗೆ ಹೇಳ್ಲಿಲ್ಲ ಅವರು."

"ನಾನಾದ್ರೂ ಜೊತೇಲಿ ಬಂದು ಹೇಳ್ಬೇಕಿತ್ತು. ಕತ್ತಲಾಗೋ ಮುಂಚೆ ಇನ್ನೊಂದು ಕೈ ಬಳೀಬೇಕು ಅಂತ ಇಲ್ಲೇ ಉಳ್ಕೊಂಡೆ." ಅವನು ಗೇಟಿನ ಕಡೆ ನೋಡಿದ. "ಆಮೇಲೆ ಬೀದಿಯೋರೆಲ್ಲ ಬೆಳಕು ಹೊಡೀತು ಅಂದ್ರು. ನಂಗೆ ಗೊತ್ತಿತ್ತು, ಬೆಳಕೇ ಇರಲಿಲ್ಲ ಅಂತ. ಯಾವ ಮುಖ ಇಟ್ಕೊಂಡು ನಿಮ್ಮನೆಗೆ ಬರಲಿ? ಕಾಲು ಬರಲಿಲ್ಲ ಅತ್ತಿಗೆ."

ಅವಳು ಸೆರಗಿನ ಅಂಚನ್ನು ಇನ್ನೂ ಕೆಳಗೆ ಎಳೆದುಕೊಂಡಳು. "ನೀವು ಬಣ್ಣ ಅಂದ್ರಿ," ಅಂದಳು. "ನಾನು ಬೆಳಕು ಅಂದೆ."

ಕಾದ ಕಬ್ಬಿಣ ಆರುತ್ತಾ ಟಿಕ್ ಟಿಕ್ ಅನ್ನುತ್ತಿತ್ತು.

"ಹೊರಡುವಾಗ ಏನಾದ್ರೂ ಅಂದ್ರಾ?"

ದಪ್ಪಣ್ಣ ತಲೆ ಆಡಿಸಿದ. "ಅಂದ. ಆಟೋ ಕರೀಲಾ, ಆಸ್ಪತ್ರೆಗೆ ಹೋಗ್ತೀಯಾ ಅಂದೆ. ಬೇಡ್ವೋ, ಮನೆಗೆ ಹೋದ್ರೆ ಅವಳು ಕಂಬಳಿ ಕಟ್ತಾಳೆ, ಬೆಳಿಗ್ಗೆ ಹೊತ್ತಿಗೆ ಸರಿಹೋಗ್ತೀನಿ ಅಂದ. ನಗ್ತಾ ಅಂದ ಅತ್ತಿಗೆ."

ಅವಳು ಗೇಟಿನ ಸರಳು ಹಿಡಿದುಕೊಂಡಳು. ಅದು ಎದೆಗೆ ಚುಚ್ಚಿದ ಮಾತೋ, ಎದೆಗೆ ಒತ್ತಿಕೊಳ್ಳುವ ಮಾತೋ, ಇವತ್ತಿನವರೆಗೂ ಅವಳಿಗೆ ಗೊತ್ತಿಲ್ಲ. ಎರಡೂ ಇರಬೇಕು.

"ಮುಖವಾಡ ಬೇಕಾ ನಿಮಗೆ? ಚೆನ್ನಾಗೇ ಇದೆ."

"ಬೇಡ ಅತ್ತಿಗೆ. ಅದು ಅವನ ಮುಖಕ್ಕೆ ಪಳಗಿದ್ದು. ಇಟ್ಕೊಳ್ಳಿ."

"ಮನೆಗೆ ಬನ್ನಿ," ಅಂದಳು ಅವಳು. "ಟೀ ಕುಡಿಯೋಕೆ ಬನ್ನಿ. ನಿಮ್ಮನ್ನ ಯಾರೂ ಏನೂ ಅನ್ನಲ್ಲ." ಹಿಂದೆ ತಿರುಗಿ ನೋಡದೆ ನಡೆದಳು. ಬೆನ್ನ ಹಿಂದೆ ಮೆಷಿನ್ನು ಬಹಳ ಹೊತ್ತಿನವರೆಗೂ ಶುರುವಾಗಲಿಲ್ಲ.

ಮನೆಯಲ್ಲಿ ಮಗಳು ನೆಲದ ನೀರು ಒರೆಸುತ್ತಿದ್ದಳು. ಅವಳು ಹತ್ತಿರ ಕೂತು ಎಲ್ಲ ಹೇಳಿದಳು. ಗಾಜು, ಬಣ್ಣ, ವಾಂತಿ, ಕಂಬಳಿಯ ಮಾತು. ಒಣಗಿದ್ದ ಕೆನ್ನೆಯ ವಿಷಯವನ್ನೂ ಹೇಳಿದಳು. ಮಗಳು ಒರೆಸುವ ಬಟ್ಟೆಯನ್ನು ಹಿಂಡಿದಳು, ಮತ್ತೆ ಹಿಂಡಿದಳು, ನೀರು ಬರುವುದು ನಿಂತ ಮೇಲೂ ಹಿಂಡಿದಳು. ಆಮೇಲೆ ಎದ್ದು ಹೋಗಿ, ಯಾರೂ ಹೇಳದೆ, ಕಂಬಳಿಯನ್ನು ತಾನೇ ಕೊಕ್ಕೆಗೆ ಸಿಕ್ಕಿಸಿದಳು. ಅಪ್ಪನ ಹಳೆಯ ಸುತ್ತಿಗೆ ಹುಡುಕಿ ತಂದು ಕಿಟಕಿಯ ಚೌಕಟ್ಟಿನ ಪಕ್ಕಕ್ಕೆ ಒಂದು ಮೊಳೆ ಹೊಡೆದಳು. ಮೊಳೆ ಸೊಟ್ಟಗಾಯಿತು.

"ಅಪ್ಪ ಇದ್ದಿದ್ರೆ ಈ ಮೊಳೆ ನೋಡಿ ನನ್ನ ಮನೆಯಿಂದ ಓಡಿಸ್ತಿದ್ರು," ಅಂದಳು.

"ಓಡಿಸ್ತಿರಲಿಲ್ಲ. ಊರೆಲ್ಲ ಹೇಳ್ಕೊಂಡು ಬರ್ತಿದ್ರು."

ಮಗಳು ಕಂಬಳಿಯ ಕೆಳಗಿನ ಒಂದು ಮೂಲೆಯನ್ನು ಎತ್ತಿ ಮೊಳೆಗೆ ಸಿಕ್ಕಿಸಿ ತೋರಿಸಿದಳು. ನೆಲದ ಮೇಲೆ ಅಂಗೈ ಅಗಲದ ಬಿಸಿಲು ಬಿತ್ತು. "ಪೂರ್ತಿ ತೆಗೀಬೇಡ, ಬಿಡು. ಇಷ್ಟು ಮಾತ್ರ ಎತ್ತು. ಗಾಜು ಒರೆಸೋಕೆ ಬೆಳಕು ಬೇಕಲ್ಲ."

ಈಗಲೂ ದಿನವೂ ಬೆಳಿಗ್ಗೆ ಒಲೆಯ ಮೇಲೆ ಟೀ ಇಟ್ಟು ಅವಳು ಆ ಕೋಣೆಗೆ ಹೋಗುತ್ತಾಳೆ. ಕತ್ತಲಲ್ಲಿ ಕಂಬಳಿಯ ಎದುರು ನಿಲ್ಲುತ್ತಾಳೆ. "ತೆಗೀಲಾ?" ಅನ್ನುತ್ತಾಳೆ. ಕಾಯುತ್ತಾಳೆ. ಕೆಲವು ದಿನ ಮಂಚ ಕಿರ್ ಅನ್ನುತ್ತದೆ, ಕೆಲವು ದಿನ ಅನ್ನುವುದಿಲ್ಲ. ಯಾರೂ ಬೇಡ ಅನ್ನದಿದ್ದರೆ ಮೂಲೆ ಎತ್ತಿ ಸೊಟ್ಟ ಮೊಳೆಗೆ ಸಿಕ್ಕಿಸುತ್ತಾಳೆ. ಕಣ್ಣು ಚುಚ್ಚುತ್ತದೆ, ನೀರು ಬರುತ್ತದೆ. ಬರಲಿ ಅಂತ ಬಿಡುತ್ತಾಳೆ. ಚೀಲದಿಂದ ಮುಖವಾಡ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಬೆ ಊದಿ ಒಣ ಬಟ್ಟೆಯಲ್ಲಿ ಉಜ್ಜುತ್ತಾಳೆ. ಆ ಗಾಜಿನಿಂದ ಬಟ್ಟೆಗೆ ಏನೂ ಹತ್ತುವುದಿಲ್ಲ. ಹತ್ತುವುದಿಲ್ಲ ಅಂತ ಗೊತ್ತು. ಉಜ್ಜುತ್ತಾಳೆ. ಮೂಲೆಯ ಹೆಬ್ಬೆರಳಿನ ಅಚ್ಚು ಒಂದನ್ನು ಬಿಟ್ಟು.

ಕೊನೆಗೆ ಅದನ್ನು ಮುಖಕ್ಕೆ ಹಿಡಿದು ಕಂಬಳಿ ಎತ್ತಿದ ಆ ಮೂಲೆಯಿಂದ ಸೂರ್ಯನನ್ನು ನೋಡುತ್ತಾಳೆ. ಕಪ್ಪು ಗಾಜಿನ ಆಚೆ ಸೂರ್ಯ ಸಣ್ಣಗೆ, ಹಸಿರಾಗಿ, ಒಂದು ಗುಂಡಿಯ ಹಾಗೆ ಇರುತ್ತಾನೆ. ಚುಚ್ಚುವುದಿಲ್ಲ. ಮುಖವಾಡದ ಒಳಗೆ ಇನ್ನೂ ಅವನ ಬೆವರಿನ ವಾಸನೆ ಇದೆ. ಒಲೆಯ ಮೇಲೆ ಟೀ ಉಕ್ಕಿದ ಸದ್ದು ಕೇಳಿದ ಮೇಲೆ ಅದನ್ನು ಚೀಲಕ್ಕೆ ಹಾಕಿ ಗೂಟಕ್ಕೆ ತೂಗುಹಾಕುತ್ತಾಳೆ, ಕಂಬಳಿಯ ಮೂಲೆಯನ್ನು ಇಳಿಸಿ ಲಾಂಡ್ರಿಗೆ ಹೊರಡುತ್ತಾಳೆ.